ಗಾಡಿ ಬಾರದ ಗುಡ್ಡದ ದಾರಿಯಲ್ಲಿ ಸೈಕಲ್: ಹೃದಯಕ್ಕೆ ಒಳ್ಳೆಯದೇ, ಆದರೆ ಹೊರಡುವ ಮುನ್ನ ಇದನ್ನು ಓದಿ

*ಹೃದಯದ ಮಾತು – ಕಂತು 41*



ಕಳೆದ ಕಂತಿನಲ್ಲಿ ನಡಿಗೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿ ಮುಂಬೈ, ಪುಣೆ, ಹೈದರಾಬಾದಿನಿಂದ ಹಲವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದೀರಿ. "ಡಾಕ್ಟ್ರೇ, ಸೈಕಲ್ ಹೊಡೆಯಬಹುದಾ? ಮೇನ್ ರೋಡಿನಲ್ಲಿ ಟ್ರಕ್ಕು, ಬಸ್ಸು ನೋಡಿದರೆ ಭಯ. ಊರಾಚೆ ಗುಡ್ಡದ ಕಡೆ ಮಣ್ಣಿನ ರಸ್ತೆಯಲ್ಲಿ ಹೋಗ್ತಾರಂತಲ್ಲ, ಅದು ಒಳ್ಳೇದಾ?"

ಒಳ್ಳೆಯದು. ನಾನೂ ಆರು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದೇನೆ. ಆದರೆ ಈ ಉತ್ತರವನ್ನು ಒಂದು ಸಾಲಿನಲ್ಲಿ ಮುಗಿಸಲು ನನಗೆ ಈಗ ಧೈರ್ಯವಿಲ್ಲ. ಯಾಕೆಂದು ಲೇಖನದ ಮಧ್ಯದಲ್ಲಿ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಿ.

*ಏನಿದು ಗ್ರಾವೆಲ್ ಸೈಕ್ಲಿಂಗ್?*

ಗ್ರಾವೆಲ್ ಎಂದರೆ ಬೇರೇನಲ್ಲ, ನಮ್ಮ ಉತ್ತರ ಕರ್ನಾಟಕದವರು ಗರಸು ಅನ್ನುತ್ತಾರಲ್ಲ, ಅದೇ. ಡಾಂಬರು ಕಾಣದ ಜಲ್ಲಿ ರಸ್ತೆ, ಗಾಡಿದಾರಿ, ಕಾಲುವೆ ಪಕ್ಕದ ಮಣ್ಣಿನ ಹಾದಿ, ತೋಟದ ರಸ್ತೆ. ಇಂಥ ದಾರಿಗಾಗಿಯೇ ದಪ್ಪ ಟೈರಿನ, ಬಾಗಿದ ಹ್ಯಾಂಡಲ್ಲಿನ ಸೈಕಲ್ಲುಗಳು ಬಂದಿವೆ. ಅದಕ್ಕೆ ಗ್ರಾವೆಲ್ ಬೈಕ್ ಅನ್ನುತ್ತಾರೆ. ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಡಿ! ಮೊದಲ ಒಂದು ವರ್ಷಕ್ಕೆ ಅದು ಬೇಕಾಗಿಯೇ ಇಲ್ಲ. ಮನೆಯಲ್ಲಿರುವ ಹೈಬ್ರಿಡ್ ಅಥವಾ ಮೌಂಟನ್ ಸೈಕಲ್ ಸಾಕು. ಟೈರು ಸುಮಾರು 38ರಿಂದ 45 ಮಿಲಿಮೀಟರ್ ಅಗಲ ಇದ್ದರೆ ಒಳ್ಳೆಯದು. ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ. ನಿಮ್ಮ ತೂಕ ನೋಡಿಕೊಂಡು 30ರಿಂದ 45 ಪಿಎಸ್‌ಐ ಸಾಕು. ಟೈರು ಸ್ವಲ್ಪ ಮೆತ್ತಗಿದ್ದರೆ ಕೈ, ಭುಜ, ಬೆನ್ನಿಗೆ ಕುಲುಕಾಟ ಕಡಿಮೆ, ಜಾರುವುದೂ ಕಡಿಮೆ.

*ಹೃದಯಕ್ಕೆ ಇದರಿಂದ ಏನು ಲಾಭ?*

ಮೊದಲನೆಯದು ಗಾಳಿ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತೇವೆ. ಏರಿನಲ್ಲಿ ಜೋರಾಗಿ ಪೆಡಲ್ ತುಳಿಯುವಾಗ ಅದು ಅರವತ್ತು ಲೀಟರ್ ದಾಟಬಹುದು. ಟ್ರಕ್ಕಿನ ಹಿಂದೆ ಸೈಕಲ್ ತುಳಿದರೆ ಅಷ್ಟೂ ಹೊಗೆ ನಿಮ್ಮ ಶ್ವಾಸಕೋಶಕ್ಕೇ. ಅದರಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ರಕ್ತನಾಳದ ಒಳಪದರಕ್ಕೆ ಹಾನಿ ಮಾಡುತ್ತವೆ, ಹೃದಯಾಘಾತದ ಅಪಾಯ ಹೆಚ್ಚಿಸುತ್ತವೆ. ಅದಕ್ಕೇ ದೆಹಲಿಯ ಓದುಗರಿಗೆ ಒಂದು ಮಾತು: ನವೆಂಬರ್, ಡಿಸೆಂಬರಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 200 ದಾಟಿದ ದಿನ ಹೊರಗೆ ಸೈಕಲ್ ಬೇಡ. ಮನೆಯೊಳಗೇ ವ್ಯಾಯಾಮ ಮಾಡಿ.

ಎರಡನೆಯದು, ಸೈಕಲ್ಲಿನಲ್ಲಿ ಮೊಣಕಾಲಿನ ಮೇಲೆ ದೇಹದ ಪೂರ್ತಿ ಭಾರ ಬೀಳುವುದಿಲ್ಲ. ಓಡಲಾಗದ ಐವತ್ತರ ಹರೆಯದವರೂ ಒಂದು ಗಂಟೆ ತುಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಹೆಚ್ಚಿನ ಶ್ರಮ. ಇದರಿಂದ ಬಿಪಿ ಇಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಟ್ರೈಗ್ಲಿಸರೈಡ್ ಇಳಿಯುತ್ತದೆ, ನಿದ್ದೆ ಬರುತ್ತದೆ.

ಮೂರನೆಯದು ಮನಸ್ಸು. ವಾರವಿಡೀ ಹಾರ್ನು, ಮೀಟಿಂಗು, ಇಎಂಐ. ಭಾನುವಾರ ಎರಡು ಗಂಟೆ ಹಕ್ಕಿಯ ದನಿ, ಎಮ್ಮೆಯ ಗಂಟೆ ಬಿಟ್ಟು ಬೇರೇನೂ ಕೇಳದಿದ್ದರೆ ಆ ಸುಖವೇ ಬೇರೆ. ಅದನ್ನು ಅಳೆಯುವ ಯಂತ್ರ ನನ್ನ ಬಳಿ ಇಲ್ಲ.

*ಎಲ್ಲಿಗೆ ಹೋಗಬಹುದು?*

ನಾನಿರುವುದು ಪುಣೆಯಲ್ಲಿ, ನನಗೆ ಗೊತ್ತಿರುವುದೂ ಈ ಸಹ್ಯಾದ್ರಿಯ ಮಗ್ಗುಲೇ. ಆದ್ದರಿಂದ ಇಲ್ಲಿಯ ದಾರಿಗಳನ್ನೇ ಹೇಳುತ್ತೇನೆ. ಉಳಿದ ಊರಿನವರು ಇದೇ ಲೆಕ್ಕದಲ್ಲಿ ನಿಮ್ಮ ಸುತ್ತ ಹುಡುಕಿಕೊಳ್ಳಿ.

*ಒಂದು, ಕಾಲುವೆ ದಂಡೆ.* ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಟ ಮುಠಾ ಬಲದಂಡೆ ಕಾಲುವೆ ಪುಣೆ ನಗರವನ್ನು ಹಾದು ಹಡಪ್ಸರ್, ಲೋಣಿ ಕಾಳ್ಭೋರ್ ಕಡೆ ಹೋಗುತ್ತದೆ. ನಗರ ದಾಟಿದ ಮೇಲೆ ಅಲ್ಲಲ್ಲಿ ದಂಡೆಯ ಮೇಲೆ ಮಣ್ಣಿನ ದಾರಿ ಇದೆ. ಕಬ್ಬಿನ ಗದ್ದೆಗಳ ಪಕ್ಕದಲ್ಲಿ, ಏರಿಳಿತವೇ ಇಲ್ಲ. ಹೊಸಬರಿಗೆ, ಹೃದಯದ ಚಿಕಿತ್ಸೆಯ ನಂತರ ಮತ್ತೆ ಶುರುಮಾಡುವವರಿಗೆ ಇಂಥ ಸಮತಟ್ಟು ದಾರಿಯೇ ಸರಿ. ಒಂದೇ ಎಚ್ಚರ: ನೀರು ಬಿಟ್ಟಾಗ ಕಾಲುವೆ ಆಳ, ಅಂಚು ಜಾರುತ್ತದೆ. ದಂಡೆಯ ಒಳಬದಿಗೆ ಹೋಗಬೇಡಿ.

*ಎರಡು, ಪುರಂದರದ ತೋಟದ ದಾರಿಗಳು.* ಸಾಸ್ವಡ್ ಸುತ್ತಲ ಹಳ್ಳಿಗಳಲ್ಲಿ ಅಂಜೂರ, ಸೀತಾಫಲದ ತೋಟಗಳು. ಪುರಂದರದ ಅಂಜೂರಕ್ಕೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ತೋಟಗಳ ನಡುವೆ ಎತ್ತಿನ ಗಾಡಿ ಹೋಗುವ ದಾರಿಗಳಿವೆ, ಏರು ಸಾಧಾರಣ. ಆದರೆ ದಿವೇಘಾಟ್ ಮೇಲಿಂದ ಸೈಕಲ್ ತುಳಿದು ಹೋಗಬೇಡಿ, ಅಲ್ಲಿ ಲಾರಿಗಳ ಸಾಲು. ಸಾಸ್ವಡ್‌ವರೆಗೆ ಕಾರಿನಲ್ಲಿ ಸೈಕಲ್ ಒಯ್ದು ಅಲ್ಲಿಂದ ಶುರುಮಾಡಿ.

*ಮೂರು, ಪವನಾ ಕೆರೆಯ ಸುತ್ತು.* ಮಾವಳ ತಾಲ್ಲೂಕಿನ ಪವನಾ ಜಲಾಶಯದ ಸುತ್ತ ಹೋದರೆ ಲೋಹಗಡ, ವಿಸಾಪುರ, ತಿಕೋನಾ, ತುಂಗ್ ಕೋಟೆಗಳು ಒಂದಾದ ಮೇಲೊಂದು ಕಾಣುತ್ತವೆ. ಕೆಲವು ಕಡೆ ಡಾಂಬರು, ಕೆಲವು ಕಡೆ ಕಿತ್ತುಹೋದ ಜಲ್ಲಿ. ಶನಿವಾರ, ಭಾನುವಾರ ಟೆಂಟಿನವರ ಕಾರುಗಳು ಬಹಳ. ವಾರದ ದಿನ ಬೆಳಿಗ್ಗೆ ಬೇಗ ಹೋದವರಿಗೆ ಮಾತ್ರ ಅದು ಶಾಂತ ದಾರಿ.

*ನಾಲ್ಕು, ಪಾನಶೇತ್ ಹಿನ್ನೀರು ಮತ್ತು ತೋರಣಾ–ರಾಜಗಡದ ಬುಡ.* ಇದು ಕಠಿಣ. ತೋರಣಾ ಕೋಟೆ ಸಮುದ್ರಮಟ್ಟದಿಂದ ಸುಮಾರು 1400 ಮೀಟರ್ ಎತ್ತರದಲ್ಲಿದೆ. ಅದರ ಸುತ್ತಲ ಕಣಿವೆಗಳಲ್ಲಿ ವಾಡಿಯಿಂದ ವಾಡಿಗೆ ಹೋಗುವ ಕಚ್ಚಾ ರಸ್ತೆಗಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಲಿನ ಗಾಡಿ, ಒಂದೆರಡು ಮೋಟರ್‌ಸೈಕಲ್ ಬಿಟ್ಟರೆ ಯಾರೂ ಸಿಗುವುದಿಲ್ಲ. ಹಿನ್ನೀರಿನ ಮೇಲೆ ಮಂಜು, ಅಕ್ಟೋಬರಿನಲ್ಲಿ ಬದಿಗೆ ಹಳದಿ ಹೂವು. ನನಗೆ ಅತ್ಯಂತ ಇಷ್ಟದ ದಾರಿ ಇದು. ಹೊಸಬರಿಗೆ ಖಂಡಿತ ಬೇಡ.

ಹೈದರಾಬಾದಿನವರಿಗೆ ವಿಕಾರಾಬಾದಿನ ಅನಂತಗಿರಿ ಗುಡ್ಡಗಳ ಸುತ್ತ, ಚೆನ್ನೈಯವರಿಗೆ ಜವಾಧು ಬೆಟ್ಟಗಳ ಕಡೆ ಇಂಥ ಹಳ್ಳಿದಾರಿ ಸಿಗುತ್ತವೆ. ಅರಣ್ಯ ಇಲಾಖೆಯ ಜಾಗವಾದರೆ ಮೊದಲು ಅನುಮತಿ ಕೇಳಿ. ಮಳೆಗಾಲದಲ್ಲಿ ಸಹ್ಯಾದ್ರಿಯ ಈ ಕಚ್ಚಾ ದಾರಿಗಳು ಬೇಡವೇ ಬೇಡ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳೀಣ್ ಎಂಬ ಊರು ಗುಡ್ಡ ಕುಸಿದು ಮಣ್ಣಿನಡಿ ಹೋಯಿತು. ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಸರಿಯಾದ ಕಾಲ.

*ಆ ಭಾನುವಾರ ನಡೆದದ್ದು*

ಈಗ ಆ ವಿಷಯಕ್ಕೆ ಬರುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು.

ನಾವು ನಾಲ್ವರು. ಒಬ್ಬರು ಹುಬ್ಬಳ್ಳಿಯವರು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 46. ಸಿಗರೇಟಿಲ್ಲ, ಕುಡಿತವಿಲ್ಲ. ಸ್ವಲ್ಪ ಬಿಪಿ, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ತಂದೆಗೆ 52ಕ್ಕೆ ಹೃದಯಾಘಾತವಾಗಿತ್ತು. ಆರು ತಿಂಗಳ ಹಿಂದೆ ಟಿಎಂಟಿ ಮಾಡಿಸಿದ್ದರು, ನಾರ್ಮಲ್. ಆದರೆ ಹಿಂದಿನ ಎರಡು ತಿಂಗಳು ಆಫೀಸಿನ ಕೆಲಸದಲ್ಲಿ ಸೈಕಲ್ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಮಲಗಿದ್ದು ಒಂದು ಗಂಟೆಗೆ. ಇದನ್ನು ಅವರು ಆಮೇಲೆ ಹೇಳಿದರು. ಮೊದಲೇ ಕೇಳಬೇಕಾಗಿದ್ದದ್ದು ನಾನು. ಕೇಳಲಿಲ್ಲ.

ಬೆಳಿಗ್ಗೆ ಆರೂಕಾಲಿಗೆ ಪಾನಶೇತ್ ಹತ್ತಿರ ಸೈಕಲ್ ಏರಿದೆವು. ಎಂಟೂವರೆ ಹೊತ್ತಿಗೆ ಹಿನ್ನೀರಿನ ಮೇಲೆ ಒಂದು ವಾಡಿಗೆ ಹೋಗುವ ಏರು. ಸಡಿಲ ಗರಸು, ಚಕ್ರ ಜಾರುತ್ತಿತ್ತು. ಇಳಿದು ತಳ್ಳೋಣ ಎಂದೆ. ಅವರು ಕೇಳಲಿಲ್ಲ, ಹಲ್ಲು ಕಚ್ಚಿ ತುಳಿದರು. ಮೇಲೆ ಮುಟ್ಟಿದಾಗ ಮುಖ ಬಿಳಿಚಿಕೊಂಡಿತ್ತು. ಡೇಗಿದರು.

"ಏನಾತ್ರೀ?" ಅಂದೆ.

"ಏನಿಲ್ರೀ ಡಾಕ್ಟರ್, ಮುಂಜಾನೆ ತಿಂದ ಮಿಸಳ್ ಎದಿ ಉರಿಯಾಕತ್ತೈತಿ. ಅಸಿಡಿಟಿ. ಒಂದ್ ಸೋಡಾ ಸಿಕ್ರ ಸರಿ ಹೋಗ್ತದ."

ಕೈ ಮುಟ್ಟಿ ನೋಡಿದೆ, ತಣ್ಣಗೆ, ಒದ್ದೆ. ಚಳಿಯ ಬೆಳಗಿನಲ್ಲಿ ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ದವಡೆ ಜಗ್ಗಿದ ಹಾಗಾಗುತ್ತಿದೆ ಎಂದರು. ಸಮಯ ನೋಡಿದೆ: 8.40. ಇಪ್ಪತ್ತು ವರ್ಷಗಳಿಂದ ಹೃದಯದ ರೋಗಿಗಳನ್ನು ನೋಡುತ್ತಿದ್ದೇನೆ. ನನ್ನ ಬಳಿ ಇಸಿಜಿ ಇಲ್ಲ, ಆಕ್ಸಿಜನ್ ಇಲ್ಲ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಗಾಡಿಯೇ ಬಾರದ ದಾರಿ ಎಂದು ಖುಷಿಪಟ್ಟು ಬಂದಿದ್ದೆವು. ಗಾಡಿ ಬಾರದಿದ್ದರೆ ಆಂಬುಲೆನ್ಸ್ ಕೂಡ ಬರುವುದಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಿತು.

ಅವರನ್ನು ಒಂದು ಕಲ್ಲಿಗೆ ಒರಗಿಸಿ ಕೂರಿಸಿದೆ, ಒಂದು ಹೆಜ್ಜೆಯೂ ನಡೆಯಲು ಬಿಡಲಿಲ್ಲ. ಕಿಟ್‌ನಲ್ಲಿದ್ದ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಟ್ಟೆ. ಅಲರ್ಜಿ ಇಲ್ಲ, ಅಲ್ಸರ್ ಇಲ್ಲ ಎಂದು ಕೇಳಿಕೊಂಡೇ. ಒಬ್ಬ ಸ್ನೇಹಿತ ವಾಡಿಯ ಕಡೆಗೆ, ಇನ್ನೊಬ್ಬ ಸಿಗ್ನಲ್ ಸಿಗುವಲ್ಲಿಗೆ ಓಡಿದರು. 9.25ಕ್ಕೆ ಹಾಲಿನ ಕ್ಯಾನ್ ಸಾಗಿಸುವ ಪಿಕಪ್ ಬಂತು. ಕ್ಯಾನುಗಳನ್ನು ರಸ್ತೆಬದಿಗಿಟ್ಟು, ಗೋಣಿಚೀಲ, ಕಂಬಳಿ ಹಾಸಿ ಮಲಗಿಸಿದರು. ಆ ಜಲ್ಲಿ ರಸ್ತೆಯಲ್ಲಿ ನಲವತ್ತು ನಿಮಿಷ. ನಾವು ಬೆಳಿಗ್ಗೆ ಹೊಗಳಿದ್ದ ಒಂದೊಂದು ಕಲ್ಲೂ ಅವರ ಎದೆಗೆ ಬಡಿಯುತ್ತಿತ್ತು. 10.05ಕ್ಕೆ ಡಾಂಬರು ರಸ್ತೆಯಲ್ಲಿ 108 ಎದುರಾಯಿತು. ಇಸಿಜಿಯಲ್ಲಿ ದೊಡ್ಡ ಹೃದಯಾಘಾತ. 11.10ಕ್ಕೆ ಆಸ್ಪತ್ರೆ, 11.50ಕ್ಕೆ ಮುಚ್ಚಿದ್ದ ರಕ್ತನಾಳ ತೆರೆಯಿತು.

ಮೂರು ಗಂಟೆ ಹತ್ತು ನಿಮಿಷ. ಉಳಿದರು. ಆದರೆ ಹೃದಯದ ಪಂಪಿಂಗ್ ಶೇಕಡ 42ಕ್ಕೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು 55ಕ್ಕಿಂತ ಮೇಲಿರುತ್ತದೆ. ಇದೇ ನೋವು ನಗರದಲ್ಲಿ ಬಂದಿದ್ದರೆ ಬಹುಶಃ ಇಷ್ಟು ಸ್ನಾಯು ಸಾಯುತ್ತಿರಲಿಲ್ಲ.

*ಟಿಎಂಟಿ ನಾರ್ಮಲ್ ಇದ್ದರೂ ಹೇಗಾಯಿತು?*

ಇದನ್ನು ಎಲ್ಲರೂ ಕೇಳುತ್ತಾರೆ. ಟಿಎಂಟಿ ತೋರಿಸುವುದು ರಕ್ತನಾಳ ಬಹಳ ಕಿರಿದಾಗಿದೆಯೇ ಎಂಬುದನ್ನು ಮಾತ್ರ. ಆದರೆ ಅನೇಕ ಹೃದಯಾಘಾತಗಳು ಅರ್ಧದಷ್ಟೂ ಮುಚ್ಚಿರದ ಜಾಗದಲ್ಲಿ ಆಗುತ್ತವೆ. ಅಲ್ಲಿ ಕೂತ ಕೊಬ್ಬಿನ ಗಡ್ಡೆಯ ಮೇಲ್ಪದರ ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ನಿದ್ದೆಗೆಟ್ಟ ದೇಹ, ಅಭ್ಯಾಸ ತಪ್ಪಿದ ಹೃದಯ, ಹಠದ ಏರು ಒಟ್ಟಿಗೆ ಸೇರಿದರೆ ಆ ಪದರ ಒಡೆಯುವ ಸಾಧ್ಯತೆ ಹೆಚ್ಚು. ಭಾರತೀಯರಾದ ನಮಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಐದರಿಂದ ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದೂ ನೆನಪಿರಲಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಮ್ಮನ್ನು ಅಗಲಿದ ಮೇಲೆ ಎಷ್ಟೋ ಕನ್ನಡಿಗರು ವ್ಯಾಯಾಮವನ್ನೇ ಬಿಟ್ಟರು. "ಅಷ್ಟು ಫಿಟ್ ಇದ್ದ ಅಪ್ಪುಗೇ ಹಾಗಾಯ್ತು, ನಮ್ಮದೇನು?" ಎಂದು ನನ್ನ ಮುಂದೆ ಕುಳಿತು ಕೇಳಿದವರು ಬಹಳ. ದಯವಿಟ್ಟು ಹಾಗೆ ಯೋಚಿಸಬೇಡಿ. ವಾರಕ್ಕೆ ಐದು ದಿನ ಮಿತವಾಗಿ ವ್ಯಾಯಾಮ ಮಾಡುವವರಿಗೆ ಅಪಾಯ ಕಡಿಮೆ. ಐದು ದಿನ ಕುರ್ಚಿಯಲ್ಲಿ ಕೂತು ಭಾನುವಾರ ಒಂದೇ ದಿನ ಗುಡ್ಡದ ಮೇಲೆ ಪೌರುಷ ತೋರಿಸುವವರಿಗೆ ಆ ಹೊತ್ತಿನಲ್ಲಿ ಅಪಾಯ ಹಲವು ಪಟ್ಟು. ವ್ಯಾಯಾಮವನ್ನು ದೂರಬೇಡಿ, ಹಠಕ್ಕೆ ಹೆದರಿ.

*ಹೊರಡುವ ಮುನ್ನ ಯಾರು ಡಾಕ್ಟರನ್ನು ಕಾಣಬೇಕು?*

✅ ನಲವತ್ತು ದಾಟಿದವರು, ಮೊದಲ ಬಾರಿ ಶುರುಮಾಡುವವರು
✅ ಶುಗರ್, ಬಿಪಿ, ಕೊಲೆಸ್ಟರಾಲ್ ಇರುವವರು, ಸಿಗರೇಟು ಸೇದುವವರು
✅ ಮನೆಯಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ
✅ ಮೆಟ್ಟಿಲು ಹತ್ತುವಾಗ ಎದೆ ಬಿಗಿತ, ಏದುಸಿರು, ತಲೆಸುತ್ತು ಬರುತ್ತಿದ್ದರೆ

ಸ್ಟೆಂಟ್ ಹಾಕಿಸಿಕೊಂಡವರು ನಿಮ್ಮ ವೈದ್ಯರು ಪರೀಕ್ಷೆ ಮಾಡಿ ಹೇಳಿದ ಮೇಲೆ, ಸಮತಟ್ಟು ದಾರಿಯಲ್ಲಿ ಶುರುಮಾಡಿ. ಬೈಪಾಸ್ ಆದವರಿಗೆ ಎದೆಮೂಳೆ ಕೂಡಿಕೊಳ್ಳಬೇಕು. ಮೂರು ತಿಂಗಳು ಜಲ್ಲಿ ರಸ್ತೆಯ ಕುಲುಕಾಟ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದರೆ ತಲೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚು. ಹೆಲ್ಮೆಟ್ ಇಲ್ಲದೆ ಸೈಕಲ್ ಏರಲೇಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲಿರುವವರು ಹೊರಡುವ ಮುಂಚೆ ಶುಗರ್ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ, ಜೇಬಿನಲ್ಲಿ ಗ್ಲುಕೋಸ್ ಅಥವಾ ಬೆಲ್ಲ ಇರಲಿ.

ಜ್ವರ ಬಂದು ಬಿಟ್ಟ ವಾರ ಸೈಕಲ್ ಬೇಡ. ವೈರಲ್ ಜ್ವರದಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ಆಗಬಹುದು. ಬಿಪಿ 180/110 ದಾಟಿದ್ದರೆ ಆ ದಿನ ಬೇಡ. ರಾತ್ರಿ ನಿದ್ದೆ ಆಗಿಲ್ಲವೇ? ಬೇಡ. ಮುಂದಿನ ಭಾನುವಾರವೂ ಗುಡ್ಡ ಅಲ್ಲೇ ಇರುತ್ತದೆ.

*ದಾರಿಯಲ್ಲಿ ಪಾಲಿಸಬೇಕಾದದ್ದು*

1. ಮೊದಲ ಎರಡು ತಿಂಗಳು ಸಮತಟ್ಟು ದಾರಿ, ವಾರಕ್ಕೆ ಮೂರು ನಾಲ್ಕು ದಿನ, ಅರ್ಧ ಗಂಟೆ. ಆಮೇಲೆ ಗುಡ್ಡ.

2. ಮೊದಲ ಹದಿನೈದು ನಿಮಿಷ ನಿಧಾನ. ತಣ್ಣಗಿನ ದೇಹವನ್ನು ನೇರ ಏರಿಗೆ ಹತ್ತಿಸಬೇಡಿ.

3. ಮಾತಿನ ಪರೀಕ್ಷೆ: ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ಶ್ರಮ. ಒಂದೆರಡು ಪದಕ್ಕೇ ಉಸಿರು ಸಿಕ್ಕಿಹಾಕಿಕೊಂಡರೆ ಹೆಚ್ಚಾಯಿತು ಎಂದರ್ಥ. ಕೈಗಡಿಯಾರದಲ್ಲಿ ನಾಡಿ ನೋಡುವವರು 220ರಿಂದ ವಯಸ್ಸು ಕಳೆಯಿರಿ. 45 ವಯಸ್ಸಿಗೆ 175. ಅದರ ಮುಕ್ಕಾಲು ಭಾಗ, ಅಂದರೆ ಸುಮಾರು 130ರೊಳಗೆ ಇರಲಿ. ಮೆಟೊಪ್ರೊಲೋಲ್‌ನಂಥ ಮಾತ್ರೆಯಲ್ಲಿರುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರು ಮಾತಿನ ಪರೀಕ್ಷೆಯನ್ನೇ ನಂಬಲಿ.

4. ಕಿಲೋಮೀಟರಿಗೆ ನೂರು ಮೀಟರ್ ಏರುವ ದಾರಿಯಲ್ಲಿ, ಅದೂ ಸಡಿಲ ಗರಸಿನ ಮೇಲೆ, ಎಷ್ಟೇ ನಿಧಾನ ತುಳಿದರೂ ಹೃದಯ ಓಡುತ್ತದೆ. ಇಳಿದು ತಳ್ಳಿ. ತಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಇಳಿಜಾರಿನಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಉಸಿರು ಕಟ್ಟಬೇಡಿ, ಬಿಪಿ ಏರುತ್ತದೆ.

5. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು. ಬಿಸಿಲಿದ್ದರೆ ಇನ್ನಷ್ಟು, ಚಿಟಿಕೆ ಉಪ್ಪು ಹಾಕಿದ ನಿಂಬೆಪಾನಕ ಒಳ್ಳೆಯದು. ಹೃದಯದ ಪಂಪಿಂಗ್ ಕಡಿಮೆ ಇದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ಡಾಕ್ಟರನ್ನು ಕೇಳಿ.

6. ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಬರೆದಿಡಿ. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ಸಿಗ್ನಲ್ ಎಲ್ಲಿ ನಿಂತುಹೋಗುತ್ತದೆ ಎಂದು ಗಮನಿಸಿ.

7. ದಾರಿಯ ಮೊದಲ ಊರಿನಲ್ಲಿ ನಿಂತು ಒಂದು ಚಹಾ ಕುಡಿಯಿರಿ. ಗಾಡಿ ಇರುವವರ ನಂಬರು ಕೇಳಿಟ್ಟುಕೊಳ್ಳಿ. ಆ ದಿನ ನಮ್ಮನ್ನು ಉಳಿಸಿದ್ದು ಹಾಲಿನ ಪಿಕಪ್.

8. ನಾಯಿ ಬಂದರೆ ಓಡಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿ.

*ಎದೆನೋವು ಬಂದರೆ*

ಎದೆ ಮಧ್ಯೆ ಒತ್ತಿದ ಹಾಗೆ, ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ವಾಕರಿಕೆ, ಕಾರಣವಿಲ್ಲದ ಸುಸ್ತು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಉಸಿರುಗಟ್ಟುವುದು, ಹೊಟ್ಟೆಯುರಿ ಇರಬಹುದು. ಶ್ರಮದ ಹೊತ್ತಿನಲ್ಲಿ ಬಂದ "ಗ್ಯಾಸ್" ಅನ್ನು ಹೃದಯ ಎಂದೇ ತಿಳಿಯಿರಿ. ತಪ್ಪಾದರೆ ಒಂದು ಇಸಿಜಿ ಖರ್ಚು, ಅಷ್ಟೇ.

ಅಲ್ಲೇ ಕೂರಿ, ನಡೆಯಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿಸಿ. ಅಲರ್ಜಿ, ಅಲ್ಸರ್, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ 300 ಮಿಲಿಗ್ರಾಂ ಅಗಿದು ನುಂಗಿ. ನಿಮಗೆ ಅದು ಆಗುತ್ತದೆಯೇ ಎಂದು ನಿಮ್ಮ ಡಾಕ್ಟರನ್ನು ಇವತ್ತೇ ಕೇಳಿಟ್ಟುಕೊಳ್ಳಿ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಕಂಡವರು ಹೇಳಿದರೆಂದು ಇಡಬೇಡಿ, ಬಿಪಿ ಕುಸಿಯಬಹುದು. ಆಂಬುಲೆನ್ಸ್ ಬರಲಾಗದ ಜಾಗವಾದರೆ ಕಾಯಬೇಡಿ. ಸಿಕ್ಕ ಗಾಡಿಯಲ್ಲಿ ಅದರ ಎದುರಿಗೆ ಹೋಗಿ.

ಜೊತೆಯವರು ಕುಸಿದು ಬಿದ್ದು, ಕರೆದರೂ ಮಿಸುಕದೆ, ಸರಿಯಾಗಿ ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ಅರ್ಧ ದಿನದ ಸಿಪಿಆರ್ ತರಬೇತಿ ಎಲ್ಲ ನಗರಗಳಲ್ಲೂ ಸಿಗುತ್ತದೆ, ಗಂಡಹೆಂಡತಿ ಇಬ್ಬರೂ ಕಲಿಯಿರಿ.

*ಕೊನೆಯದಾಗಿ ಒಂದು ಮಾತು*

ಎರಡು ವಾರದ ನಂತರ ಆ ಪಿಕಪ್ ಅಣ್ಣನನ್ನು ನೋಡಲು ಹೋದೆ. ಡೀಸೆಲ್ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಕೆಟ್ಟುಹೋದ ಹಾಲಿನ ದುಡ್ಡನ್ನಾದರೂ ತಗೊಳ್ಳಿ ಅಂದರೆ ಅದಕ್ಕೂ ಇಲ್ಲ. ಚಹಾ ಕೊಟ್ಟು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಸಾಹೇಬ್ರೇ, ನಿಮ್ಮ ಗೆಳೆಯರ ಜೊತೆ ಡಾಕ್ಟರ್ ಇದ್ದರು. ಹೋದ ವರ್ಷ ನಮ್ಮ ಅವ್ವನಿಗೆ ರಾತ್ರಿ ಇದೇ ಥರ ಆಯ್ತು. ಮಳೆಗಾಲ. ಗಾಡಿ ಹೂತುಹೋಯ್ತು."

ಮುಂದೆ ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನ ಊರು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಕಡೆಯವರಿಗೆ ಪೇಟೆ ಅಂದರೆ ಲಾಂಚ್ ದಾಟಿ ಹೋಗುವುದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ದೊಡ್ಡಪ್ಪನಿಗೆ ಎದೆನೋವು ಬಂತು. ಸಂಜೆಯ ಮೇಲೆ ಲಾಂಚ್ ಇಲ್ಲ. ಸುತ್ತು ದಾರಿಯ ಜೀಪಿಗೆ ಹೇಳಿಕಳಿಸಿ ಬೆಳಗಾಗುವುದನ್ನೇ ಕಾದೆವು. ಬೆಳಗಾಯಿತು, ದೊಡ್ಡಪ್ಪ ಇರಲಿಲ್ಲ. ನಾನು ಹೃದ್ರೋಗ ವೈದ್ಯನಾಗಿದ್ದಕ್ಕೆ ಆ ರಾತ್ರಿಯೇ ಕಾರಣ ಎಂದು ಅಮ್ಮ ಹೇಳುತ್ತಾರೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ದಿನ ಅಮ್ಮ ಫೋನ್ ಮಾಡಿ ಮಾತಾಡದೆ ಅತ್ತರು. ಇಷ್ಟೆಲ್ಲ ಗೊತ್ತಿದ್ದೂ ನಾನು ಆರು ವರ್ಷ ಪಾನಶೇತ್ ಹಿನ್ನೀರಿನ ದಂಡೆಯಲ್ಲಿ ಸೈಕಲ್ ತುಳಿಯುತ್ತಾ "ಸದ್ಯ, ಇಲ್ಲಿಗೆ ಡಾಂಬರು ಬಂದಿಲ್ಲ" ಎಂದು ಖುಷಿಪಟ್ಟಿದ್ದೆ!

ಇಟಲಿಯ ಟಸ್ಕನಿಯಲ್ಲಿ 1997ರಿಂದ ಲೆರೋಯಿಕಾ ಎಂಬ ಸೈಕಲ್ ಯಾತ್ರೆ ನಡೆಯುತ್ತದೆ. ಅಲ್ಲಿಯ ಬಿಳಿ ಮಣ್ಣಿನ ಹಳೆಯ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳುವುದೂ ಅದರ ಉದ್ದೇಶ. ಕೇಳಲು ಚೆಂದ. ಆದರೆ ಒಂದು ಊರಿಗೆ ಆಂಬುಲೆನ್ಸ್ ಬರುವ ಇನ್ನೊಂದು ದಾರಿ ಇದ್ದರೆ ಮಾತ್ರ ಹಳೆಯ ದಾರಿಯನ್ನು ಹಾಗೇ ಇಡಿ ಎನ್ನುವ ಹಕ್ಕು ನಮಗೆ ಬರುತ್ತದೆ. ಕಾಲುವೆ ದಂಡೆ ಮಣ್ಣಾಗಿಯೇ ಇರಲಿ, ತೋಟದ ಗಾಡಿದಾರಿ ಇರಲಿ. ಊರಿಗೆ ಹೋಗುವ ಏಕೈಕ ರಸ್ತೆ ಮಾತ್ರ ಗಟ್ಟಿಯಾಗಲಿ.

ಈಗ ನಾವು ಮೂರು ತಿಂಗಳಿಗೊಮ್ಮೆ ಆ ವಾಡಿಗೆ ಬಿಪಿ ಯಂತ್ರ, ಶುಗರ್ ಪಟ್ಟಿ ಹಿಡಿದು ಹೋಗುತ್ತೇವೆ. ಜೀವನದಲ್ಲಿ ಮೊದಲ ಸಲ ಬಿಪಿ ನೋಡಿಸಿಕೊಂಡವರು ಅಲ್ಲಿ ಹಲವರಿದ್ದರು. ಊರಿನ ನಾಲ್ಕು ಹುಡುಗರು ಸಿಪಿಆರ್ ಕಲಿತಿದ್ದಾರೆ. ನೀವೂ ಪದೇಪದೇ ಹೋಗುವ ದಾರಿ ಇದ್ದರೆ ಅಲ್ಲಿಯ ಊರಿಗೆ ಇಷ್ಟಾದರೂ ಮಾಡಿ. ಅವರ ದಾರಿಯಲ್ಲಿ ನಾವು ಆರೋಗ್ಯ ಗಳಿಸುತ್ತಿದ್ದೇವೆ.

ಹುಬ್ಬಳ್ಳಿಯ ಗೆಳೆಯರು ಹೇಗಿದ್ದಾರೆ ಎಂದು ಕೇಳುತ್ತೀರಿ. ಮಾತ್ರೆ ತಪ್ಪಿಸುವುದಿಲ್ಲ, ಹತ್ತು ಗಂಟೆಗೆ ಮಲಗುತ್ತಾರೆ. ಪಂಪಿಂಗ್ 50ಕ್ಕೆ ಬಂದಿದೆ. ಮೊದಲು ನಡಿಗೆ, ಈಗ ಕಾಲುವೆ ದಂಡೆಯ ಮೇಲೆ ಸೈಕಲ್, ನನ್ನ ಜೊತೆಗೇ. ಮೊನ್ನೆ ಒಂದು ಸಣ್ಣ ದಿಬ್ಬ ಬಂತು. ನಾನು ಹೇಳುವ ಮೊದಲೇ ಇಳಿದರು.

"ತಳ್ಳೂಣ್ರೀ ಡಾಕ್ಟರ್. ಅವಸರ ಏನೈತಿ?"

ಕಳೆದ ಸಲ ಪಾನಶೇತ್ ಕಡೆ ಹೋದಾಗ ಆ ಏರಿನ ಬುಡದಲ್ಲಿ ಜಲ್ಲಿ ರಾಶಿ, ಡಾಂಬರಿನ ಡ್ರಮ್ಮುಗಳು ಬಿದ್ದಿದ್ದವು. ನಮ್ಮ ಸೈಕಲ್ ಗುಂಪಿನಲ್ಲಿ ಒಬ್ಬರು "ಅಯ್ಯೋ, ಈ ದಾರಿಯೂ ಹೋಯ್ತು" ಎಂದು ಅಳುವ ಮುಖ ಹಾಕಿದರು. ನಾನು ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದೆ. 🙏

ಮುಂದಿನ ಕಂತಿನಲ್ಲಿ: ಬಿಪಿ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು, ಬೆಳಿಗ್ಗೆಯೋ ರಾತ್ರಿಯೋ?

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಪುಣೆ

_ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಾತ್ರೆ, ಪರೀಕ್ಷೆಗಳ ಬಗ್ಗೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ. ಉಪಯುಕ್ತ ಎನಿಸಿದರೆ ಬಂಧುಮಿತ್ರರಿಗೆ, ಮುಖ್ಯವಾಗಿ ನಿಮ್ಮ ಸೈಕಲ್ ಗುಂಪಿಗೆ ಕಳಿಸಿ. ಏನನ್ನೂ ಕತ್ತರಿಸದೆ, ಪೂರ್ತಿಯಾಗಿ ಕಳಿಸಿ._